ಇಟ್ಟಂಗಿ ಕಾಯುವ ಮುಖ

ಜಿನಪಾಲನ ಸೂತಕ ಕಳೆದ ಮೇಲೆ ಅವನ ತಾಯಿ ಕಾಂತಾಕಾಕು ನನ್ನನ್ನು ಕರೆಸಿ ಹೇಳಿದ್ದು ಒಂದೇ ಮಾತು. "ಶಾದಾಬ, ಆ ಕ್ರಾಸಿನಾಗಿನ ಫೋಟೋ ತಗಸಪಾ. ಆ ದಾರೀಲೆ ನನಗ ಬಸದಿಗೆ ಹೋಗಾಕ ಆಗವಲ್ದು."

ಫೋಟೋ ಎಂದರೆ ಬೆಳಗಾವಿಯ ಶಿವಬಸವ ನಗರದ ಕ್ರಾಸಿನಲ್ಲಿ ಅಲ್ಲಿನ ಪುಂಡರ 'ಅಣ್ಣ' ನಾಗಲಿಂಗ ಕಟ್ಟಿಸಿದ್ದ ಶ್ರದ್ಧಾಂಜಲಿಯ ಫ್ಲೆಕ್ಸು. ದೀಪಾವಳಿಯಾದ ಮೇಲೆ ಡೆಂಗ್ಯೂ ಜ್ವರ ಬಂದು ಜಿನಪಾಲ ತೀರಿಕೊಂಡಾಗ ಅವನಿಗೆ ಇಪ್ಪತ್ತೆರಡು ವರ್ಷ. ಫ್ಲೆಕ್ಸಿನಲ್ಲಿದ್ದ ಹುಡುಗನಿಗೆ ಹದಿನೇಳು. ಕಪ್ಪು ಕನ್ನಡಕ, ಕೊರಳಲ್ಲಿ ಯಾರದೋ ದಪ್ಪ ಚೈನು, ಎದೆಯ ಮೇಲೆ ಕಟ್ಟಿದ ಕೈ. "ನಮ್ಮ ಹುಲಿ, ನಮ್ಮ ತಮ್ಮ" ಎಂದು ಮೇಲೆ ಬರೆಸಿದ್ದರು. ಕೆಳಗೆ ದುಃಖದಲ್ಲಿರುವವರ ಮುಖಗಳ ಸಾಲು. ಸಾಲಿನ ನಟ್ಟನಡುವೆ ನಾಗಲಿಂಗ. ಅವನ ಮುಖ ತೀರಿಕೊಂಡವನ ಮುಖಕ್ಕಿಂತ ತುಸು ದೊಡ್ಡದೇ ಇತ್ತು.

ಆ ಸಾಲಿನಲ್ಲಿ ನಾನಿರಲಿಲ್ಲ. ಇರಬೇಕೆಂಬ ಆಸೆಯೂ ನನಗಿರಲಿಲ್ಲ. ಆದರೂ ಅದನ್ನು ಕಂಡಾಗ ಹೊಟ್ಟೆಯೊಳಗೆ ಹಳೆಯ ಕಿಚ್ಚು ಎದ್ದಿತು. ಐದು ವರ್ಷದ ಹಿಂದೆ ಅವನಾಗಿಯೇ ಬಿಟ್ಟು ಬಂದ ಜನ, ಅವನ ಕೈ ಮುರಿದ ಜನ, ಸತ್ತ ಮೇಲೆ ಅವನನ್ನು ತಮ್ಮವನೆಂದು ತಂತಿ ಬಿಗಿದು ಕಂಬಕ್ಕೆ ಕಟ್ಟಿಕೊಂಡಿದ್ದರು.

ಜಿನಪಾಲ ಮತ್ತು ನಾನು ನಾಲ್ಕನೆಯ ಇಯತ್ತೆಯಿಂದ ಒಂದೇ ಬೆಂಚಿನವರು. ಅವನ ಮನೆ ರಾಮತೀರ್ಥ ನಗರದಲ್ಲಿ, ನಮ್ಮದು ಆಜಮ್ ನಗರದಲ್ಲಿ. ಅವನ ತಂದೆಗೆ ಸ್ಟೀಲ್ ಪಾತ್ರೆಗಳ ಅಂಗಡಿ, ನನ್ನ ತಂದೆಗೆ ಸ್ಕೂಟರಿನ ಸೀಟು ಹೊಲಿಯುವ ಕೆಲಸ. ಅವರು ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬಟಾಟೆ, ಉಳ್ಳಾಗಡ್ಡಿ, ನೆಲದೊಳಗೆ ಬೆಳೆಯುವ ಯಾವುದೂ ಇಲ್ಲ. ಮಾಂಸ ಬೇಯುವ ನಮ್ಮ ಮನೆಯಲ್ಲಿ ಅವನು ತಾಟಿನ ಮುಂದೆ ಕೂಡುವ ಮಾತೇ ಇರಲಿಲ್ಲ. ನನ್ನ ಅಮ್ಮಿ ಜುಲೇಖಾ ಅವನಿಗೆಂದು ಬಾಳೆಹಣ್ಣು ತರಿಸಿ ಕಿಟಕಿಯ ಸರಳಿಗೆ ತೂಗುಹಾಕಿರುತ್ತಿದ್ದಳು.

"ಸಿಪ್ಪಿ ನೀನ ಸುಲಕೋ ಬೇಟಾ, ನನ್ನ ಕೈ ಹತ್ತೂದು ಬ್ಯಾಡ" ಎಂದು ಚೇಷ್ಟೆ ಮಾಡುತ್ತಿದ್ದಳು.

"ನಿಮ್ಮ ಕೈ ಹತ್ತಿದರ ಏನೂ ಆಗೂದಿಲ್ಲ ಚಾಚಿ. ನಮ್ಮ ಅಜ್ಜಿಗೆ ಗೊತ್ತಾದರ ಆಗತೈತಿ" ಎಂದು ಅವನು ನಗುತ್ತಿದ್ದ.

ಎಷ್ಟೋ ವರ್ಷ ನಮ್ಮ ಮನೆಯಲ್ಲಿ ಅವನು ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನಲಿಲ್ಲ. ಅವನ ಕಟ್ಟು ನನಗೆ ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ, ಅವನು ನಮ್ಮಲ್ಲಿ ಒಮ್ಮೆ ಉಣ್ಣಲಿ ಎಂಬ ಆಸೆ ಅಡಗುವುದಿಲ್ಲ.

ನಾಗಲಿಂಗನ ಕಡೆ ಅವನು ಹೋದದ್ದು ಪಿಯುಸಿ ಮೊದಲ ವರ್ಷದಲ್ಲಿ. ಸಿಟಿ ಬಸ್ಸಿನಲ್ಲಿ ಸೀಟಿನ ಸಲುವಾಗಿ ಯಾರೋ ದೊಡ್ಡ ಹುಡುಗರು ಇವನ ಕಪಾಳಕ್ಕೆ ಹೊಡೆದಿದ್ದರು. ಶಿವಬಸವ ನಗರದ ಕ್ರಾಸಿನ ಚಹಾದಂಗಡಿಯಲ್ಲಿ ಕೂಡುತ್ತಿದ್ದ ನಾಗಲಿಂಗನಿಗೆ ಆ ಸುದ್ದಿ ಹೋಯಿತು. ಅವನು ಆ ಹುಡುಗರನ್ನು ಅದೇ ಬಸ್ ಸ್ಟಾಪಿಗೆ ಕರೆಸಿ ಜಿನಪಾಲನ ಮುಂದೆ ಕಿವಿ ಹಿಡಿಸಿದ. "ಇನ್ನ ಯಾಂವರ ಮುಟ್ಟಿದರ ನನ್ನ ಹೆಸರ ಹೇಳು" ಅಂದ. ಆ ಹೆಸರು ಕೆಲಸ ಮಾಡಿತು. ಕ್ಯಾಂಟೀನಿನಲ್ಲಿ ಜಾಗ ಸಿಗತೊಡಗಿತು, ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗತೊಡಗಿತು. ಮೆತ್ತನೆಯ ಹುಡುಗನಿಗೆ ಅಷ್ಟು ಸಾಕಾಯಿತು. ಅವನ ಬಾಜೂಕ ಕೂಡುತ್ತಿದ್ದ ನನಗೆ ಮಾತ್ರ, ಕಪಾಳಕ್ಕೆ ಬಿದ್ದ ಏಟನ್ನು ಅವನು ಮೊದಲು ನನಗೇಕೆ ಹೇಳಲಿಲ್ಲ ಎಂಬುದು ಚುಚ್ಚುತ್ತಲೇ ಇತ್ತು.

ನಾಗಲಿಂಗನ ಗುಂಪಿನಲ್ಲಿ ಯಾರ ಬೆಲೆ ಎಷ್ಟು ಎಂಬುದನ್ನು ಫ್ಲೆಕ್ಸು ಹೇಳುತ್ತಿತ್ತು. ಅವನ ಹುಟ್ಟುಹಬ್ಬಕ್ಕೆ, ಗಣಪತಿ ಹಬ್ಬಕ್ಕೆ, ಯಾರಾದರೂ ಜೈಲಿನಿಂದ ಬಂದರೆ, ಕ್ರಾಸಿನಲ್ಲಿ ಒಂದು ಫ್ಲೆಕ್ಸು. ನಡುವೆ ಅವನು, ಅವನ ಬಲಕ್ಕೆ ಎರಡನೆಯ ಮುಖ. ಆ ಎರಡನೆಯ ಮುಖಕ್ಕಾಗಿ ಹುಡುಗರು ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದರು. ಮೊದಲು ಅಲ್ಲಿ ರಾಮಲಿಂಗ ಇದ್ದ. ನಾಗಲಿಂಗನ ಮಾತಿಗೆ ಒಬ್ಬನ ತಲೆ ಒಡೆದು ರಾಮಲಿಂಗ ಬಾಲಮಂದಿರಕ್ಕೆ ಹೋದ. ಅವನು ಒಳಗಿದ್ದಾಗ ಬಂದ ಹುಟ್ಟುಹಬ್ಬಕ್ಕೆ ಆ ಜಾಗದಲ್ಲಿ ಜಿನಪಾಲನ ಮುಖ ಬಂತು.

ಆ ದಿನ ಅವನು ನನ್ನನ್ನು ಕ್ರಾಸಿಗೆ ಕರೆದುಕೊಂಡು ಹೋಗಿ ತೋರಿಸಿದ. "ನೋಡಲೇ, ಎರಡನೇದು!"

"ನಿನ್ನ ಮೂಗ ಸೊಟ್ಟ ಬಂದೈತಿ" ಅಂದೆ.

"ಹೊಟ್ಟಿಕಿಚ್ಚ ನಿನಗ" ಅಂದ. ಹೌದು, ಹೊಟ್ಟೆಕಿಚ್ಚೇ. ನಾಲ್ಕನೆಯ ಇಯತ್ತೆಯಿಂದ ನಾನು ಅವನ ಬಲಕ್ಕೆ ಕೂತಿದ್ದೆ. ಅದನ್ನು ಯಾರೂ ಯಾವ ಕಂಬಕ್ಕೂ ಕಟ್ಟಿರಲಿಲ್ಲ.

ಮೊಟ್ಟೆ ಹಾಕದ ಹುಟ್ಟುಹಬ್ಬದ ಕೇಕು ಕತ್ತರಿಸಿದ್ದು ಸಂಜೆ, ಕಾರಿನ ಬಾನೆಟ್ಟಿನ ಮೇಲೆ, ತಲವಾರಿನಿಂದ. ಹಾಗೆ ಕತ್ತರಿಸಿದ್ದನ್ನು ವಿಡಿಯೋ ಮಾಡಿ ಸ್ಟೇಟಸ್ ಇಟ್ಟರೇ ಹುಟ್ಟುಹಬ್ಬ ಆದಂತೆ. ಜಿನಪಾಲನನ್ನು ಮನೆಗೆ ಬಿಡಲೆಂದು ನಾನು ರಸ್ತೆಯ ಈಚೆ ಸ್ಕೂಟರ್ ಹಿಡಿದು ನಿಂತಿದ್ದೆ. ನಾಗಲಿಂಗ ಮೊದಲ ತುಂಡನ್ನು ಎರಡನೆಯ ಮುಖಕ್ಕೇ ಚಾಚಿದ. ಜಿನಪಾಲ ಬಾಯಿ ತೆರೆಯಲಿಲ್ಲ.

"ಹೊತ್ತ ಮುಳಗೇತ್ರಿ ಅಣ್ಣಾ" ಅಂದ.

ಹುಡುಗರು ಕಿಸಕ್ಕೆಂದರು. "ಬಟಾಟಿ ಒಲ್ಲೆ, ಉಳ್ಳಾಗಡ್ಡಿ ಒಲ್ಲೆ, ಈಗ ಅಣ್ಣನ ಕೇಕೂ ಒಲ್ಲೆ. ತಲವಾರ ಹಿಡಿಯಾಕ ಮಾತ್ರ ನಡೀತೈತೇನ ನಿಮ್ಮ ದೇವರಿಗೆ?" ಎಂದೊಬ್ಬ ಕೂಗಿದ. ಎಲ್ಲರೂ ನಕ್ಕರು, ಜಿನಪಾಲನೂ ನಕ್ಕ. ನಾಗಲಿಂಗ ನಗಲಿಲ್ಲ. ಆ ತುಂಡನ್ನು ಇವನ ಗಲ್ಲಕ್ಕೆ ಮೆತ್ತಿ ಬೆರಳು ಒರೆಸಿಕೊಂಡ. ಮನೆಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತ ಜಿನಪಾಲ, "ತಲವಾರದ ಮಾತು ಖರೇ ಐತಿ ನೋಡು" ಅಂದ.

ಕೆಲವು ವಾರಗಳಾದ ಮೇಲೆ ಕಾಲೇಜಿನ ಎಲ್ಲರ ಮೊಬೈಲಿನಲ್ಲಿ ಒಂದು ಚಿತ್ರ ಓಡಾಡಿತು. ಹಾಕಿದವನು ಬಾಳೇಶ. ನಮ್ಮದೇ ಕಾಲೇಜಿನವನು, ಖಾನಾಪುರದಿಂದ ದಿನವೂ ರೈಲಿನಲ್ಲಿ ಓಡಾಡುವವನು. ಅವರದು ಇಟ್ಟಂಗಿ ಸುಡುವ ಭಟ್ಟಿ. ಹಸಿ ಇಟ್ಟಂಗಿ ಮಳೆಗೆ ಕರಗಬಾರದೆಂದು ಭಟ್ಟಿಯವರು ಬೆಳಗಾವಿಯಲ್ಲಿ ಇಳಿಸಿದ ಹಳೆಯ ಫ್ಲೆಕ್ಸುಗಳನ್ನು ತಂದು ಸಾಲಿನ ಮೇಲೆ ಹೊದಿಸಿ ಕಲ್ಲು ಹೇರುತ್ತಾರೆ. ಆ ಸಲ ಬಾಳೇಶನ ತಂದೆ ತಂದದ್ದರಲ್ಲಿ ನಾಗಲಿಂಗನ ಹುಟ್ಟುಹಬ್ಬದ ಫ್ಲೆಕ್ಸೂ ಬಂದಿತ್ತು. ಬಾಳೇಶ ಅದರ ಫೋಟೋ ತೆಗೆದು ಕೆಳಗೆ ಬರೆದಿದ್ದ: "ನಾಗಣ್ಣ ಈಗ ನಮ್ಮ ಇಟ್ಟಂಗಿ ಕಾಯಾಕತ್ತಾನ. ಪಗಾರ ಇಲ್ಲ, ಊಟ ಇಲ್ಲ."

ನಕ್ಕವರ ಲೆಕ್ಕವಿಲ್ಲ. ನಾಗಲಿಂಗ ಜಿನಪಾಲನನ್ನು ಕರೆಸಿದ. ಜೊತೆಗೆ ನಾನಿದ್ದೆ.

"ನೀ ನನ್ನ ಕೇಕ ತಿನ್ನಲಿಲ್ಲ" ಎಂದು ಶುರು ಮಾಡಿದ. "ನಮ್ಮಾಂವ ಹೌದೋ ಅಲ್ಲೋ ಈಗ ತೋರಸು. ಆ ಖಾನಾಪುರದಾಂವ ಯಾವ ಕೈಲೆ ಫೋಟೋ ತಗದಾನೋ ಆ ಕೈ ಮುರಿ. ವಿಡಿಯೋ ಮಾಡಿ ಕಳಸು. ಇಲ್ಲಂದ್ರ ನಿನ್ನ ಜಾಗಾಕ್ಕ ಮಂದಿ ಅದಾರ."

ಬಾಲಮಂದಿರದಿಂದ ಬಂದಿದ್ದ ರಾಮಲಿಂಗ ಪಕ್ಕದಲ್ಲೇ ಇದ್ದ. "ನಾ ಹೋಗ್ಲೇನ್ರಿ ಅಣ್ಣಾ ಇವನ ಕೂಡ? ಒಬ್ಬಾಂವಂದ ಆಗೂದಿಲ್ಲ ಇದು" ಅಂದ. ಅವನ ಕಣ್ಣಲ್ಲಿದ್ದದ್ದು ನನಗೆ ಚೆನ್ನಾಗಿ ಗುರುತಿತ್ತು. ಅದೇ ಕಿಚ್ಚು ನನ್ನಲ್ಲೂ ಇತ್ತು.

"ಶಾದಾಬ ಬರ್ತಾನ" ಅಂದ ಜಿನಪಾಲ. ನನ್ನನ್ನು ಕೇಳಿರಲಿಲ್ಲ. ಆದರೂ ನನಗೆ ಒಳಗೊಳಗೇ ಹಿಗ್ಗಾಯಿತು. ದಾರಿಯಲ್ಲಿ ತಿರುಗಿಸಿಕೊಂಡು ಬರಬಹುದೆಂದೂ ಅಂದುಕೊಂಡೆ.

ಅಬ್ಬಾನ ಸ್ಕೂಟರಿನ ಕಾಲ ಬಳಿ ಚೀಲದಲ್ಲಿ ಕಬ್ಬಿಣದ ಸಲಾಕೆ ಇತ್ತು. ಖಾನಾಪುರದ ದಾರಿ ಹಿಡಿದೆವು. ದೇಸೂರು ದಾಟಿದ ಮೇಲೆ ಜಿನಪಾಲ ಹಿಂದಿನಿಂದ ನನ್ನ ಕಿವಿಗೆ ಬಾಯಿ ತಂದು ಕೇಳಿದ, "ರಾಮಲಿಂಗ ಒಳಗಿದ್ದಾಗ ಅಣ್ಣ ನೋಡಾಕ ಒಮ್ಮೆರ ಹೋಗಿದ್ನೇನೋ?"

"ಅವರವ್ವ ಒಬ್ಬಾಕಿ ಹೋಗತಿದ್ಲು. ಬುತ್ತಿ ಕಟ್ಟಕೊಂಡು."

"ಬಂದಾಗ ಫ್ಲೆಕ್ಸ ಹಾಕಿದ್ನಲ್ಲ."

"ಹಾಕಿದ್ನು. 'ಹುಲಿ ಹೊರಗ ಬಂತು' ಅಂತ."

"ಹೊರಗ ಬಂದ ಮ್ಯಾಲ" ಅಂದ. "ಒಳಗಿದ್ದಾಗ ಏನೂ ಇಲ್ಲ."

"ತಿರುಗಿಸಲೇನು ಗಾಡಿ?"

"ತಿರುಗಿಸಿ ಏನ ಮಾಡ್ಲಿ? ನಾಳೆ ಬಸ್ಸಿನಾಗ ಮತ್ತ ಕಪಾಳಕ ತಿನ್ಲಿ?"

ಗಾಡಿ ಮುಂದೆ ಓಡಿತು.

ಭಟ್ಟಿ ಇದ್ದದ್ದು ಖಾನಾಪುರದ ಹೊರಗೆ, ಮಲಪ್ರಭೆಯ ಕಡೆಗೆ ಇಳಿಯುವ ಬಯಲಿನಲ್ಲಿ. ಮನೆಯೂ ಅಲ್ಲೇ. ಹಸಿ ಇಟ್ಟಂಗಿಯ ಉದ್ದ ಸಾಲುಗಳ ಮೇಲೆ ಬಣ್ಣಬಣ್ಣದ ಫ್ಲೆಕ್ಸುಗಳು. ಸೀರೆ ಅಂಗಡಿಯ ಹೆಣ್ಣುಮಗಳು ಒಂದು ಕಡೆ ತಲೆಕೆಳಗಾಗಿ ನಗುತ್ತಿದ್ದಳು. ಅವಳ ಬಾಜೂಕ ನಾಗಲಿಂಗ. ಅವನ ಹಣೆಯ ಮೇಲೆ ಒಂದು ದಪ್ಪ ಕಲ್ಲು. ಅವನ ಬಲಕ್ಕೆ ಜಿನಪಾಲ, ಗಲ್ಲದ ಮೇಲೆ ಕೋಳಿ ನಡೆದ ಕೆಸರಿನ ಗುರುತು. ಯಾರ್ಯಾರದೋ ಹೊಟ್ಟೆ ಉರಿಸಿ ಪಡೆದ ಆ ಜಾಗವನ್ನು ಜಿನಪಾಲ ಬಹಳ ಹೊತ್ತು ನೋಡುತ್ತ ನಿಂತ.

"ಯಾರ್ರಿ ಅದು? ಬಾಳ್ಯಾನ ದೋಸ್ತರೇನು?" ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಾಳೇಶನ ತಾಯಿ ಶಿವಲಿಂಗವ್ವ. "ಬರ್ರಿ, ಕುಂದರ್ರಿ. ಅಂವ ಇನ್ನ ರೈಲಿನಾಗ ಇರಬೇಕು. ಏನಪಾ ನಿಮ್ಮ ಹೆಸರು?"

ನಾನು ನನ್ನ ಹೆಸರು ಹೇಳಿದೆ. ಅವನು "ಜಿನಪಾಲ" ಅಂದ.

ಹೆಸರು ಕೇಳಿದ ಕೂಡಲೇ ಅವಳು ಪಡುವಣ ಕಡೆ ತಿರುಗಿ ಸೂರ್ಯನನ್ನು ನೋಡಿದಳು. "ಅಯ್ಯ ನನ್ನ ಶಿವನ! ಜೈನರ ಹುಡುಗ, ಹೊತ್ತ ಮುಳಗಾಕ ಬಂತಲ್ಲೋ! ಮುಂಜಾನೆ ಉಂಡಿದ್ದ ಇರಬೇಕು ನೀ. ನನ್ನ ತವರಮನಿ ಬಾಜೂಕ ಜೈನರ ಮನಿ ಇತ್ತು, ನನಗೆಲ್ಲಾ ಗೊತ್ತೈತಿ. ಏಳು, ಕೈಕಾಲ ತೊಳಕೋ. ಏ ಇವರ, ಒಲಿಗೆ ಎರಡ ಕಟಗಿ ಜಾಸ್ತಿ ಹಾಕ್ರಿ!"

ಅವಳ ಗಂಡ ಸಿದ್ದಪ್ಪ ಓಡಿಬಂದು ಒಲೆ ಉರಿಸಿದ. ಅವಳು ಮಡಿಚಿದ ಬಿಳಿ ಅರಿವೆಯಲ್ಲಿ ನೀರು ಸೋಸಿ ತಂಬಿಗೆ ತುಂಬಿದಳು. "ಪಲ್ಯಾದಾಗ ಉಳ್ಳಾಗಡ್ಡಿ ಬಿದ್ದೈತಿ, ಅದು ನಿಮ್ಮ ದೋಸ್ತಗ. ನಿನಗ ಹೆಸರಕಾಳ ಬ್ಯಾರೆ ಒಗ್ಗರಣಿ ಹಾಕ್ತೀನಿ" ಎಂದು ರೊಟ್ಟಿ ತಟ್ಟತೊಡಗಿದಳು. ನಡುನಡುವೆ ಬಾಗಿಲಿಗೆ ಬಂದು ಸೂರ್ಯನನ್ನು ನೋಡಿ ಒಳಗೋಡುತ್ತಿದ್ದಳು. ಎರಡು ವರ್ಷ ಆ ಹೊತ್ತಿಗಾಗಿ ಗೇಲಿ ತಿಂದಿದ್ದ ಜಿನಪಾಲ ಕಟ್ಟೆಯ ಮೇಲೆ ಕೂತು ಆ ಓಡಾಟವನ್ನೇ ನೋಡುತ್ತಿದ್ದ.

ಸಿದ್ದಪ್ಪ ನಮ್ಮ ಸ್ಕೂಟರನ್ನು ನೆರಳಿಗೆ ತಳ್ಳಿದ. "ಈ ಚೀಲದಾಗ ಏನೈತ್ರಿ? ಭಾಳ ಒಜ್ಜಿ ಐತಿ."

"ಗಾಡಿ ಸಾಮಾನ್ರಿ ಕಾಕಾ" ಅಂದೆ.

ತಾಟು ಬಂತು. ಬಿಸಿ ರೊಟ್ಟಿ, ಹೆಸರುಕಾಳು, ಗಟ್ಟಿ ಮೊಸರು, ಒಂದು ಚಿಟಿಕೆ ಉಪ್ಪು. ಜಿನಪಾಲ ರೊಟ್ಟಿ ಮುರಿದ. ಮೊದಲ ತುತ್ತು ಅವನ ಬಾಯಿಗೆ ಹೋದದ್ದನ್ನು ನಾನು ನೋಡಿದೆ. ನಾವು ಬಂದದ್ದು ಯಾವ ಕೆಲಸಕ್ಕೆ ಎಂಬುದೇ ನನಗೆ ಆ ಕ್ಷಣ ಮರೆತುಹೋಯಿತು. ಎದುರಿಗೆ ಕಂಡದ್ದು ಕಿಟಕಿಯ ಸರಳಿಗೆ ತೂಗುವ ಅಮ್ಮಿಯ ಬಾಳೆಹಣ್ಣು. ಯಾರೆಂದೂ ಗೊತ್ತಿಲ್ಲದ ಮನೆಯಲ್ಲಿ, ಬಂದ ದಿನವೇ, ಅವನು ಉಣ್ಣುತ್ತಿದ್ದ.

ಅಷ್ಟರಲ್ಲಿ ಬಾಳೇಶ ಬಂದ. ಅಂಗಳದ ತುದಿಯಲ್ಲಿ ನಮ್ಮನ್ನು ಕಂಡವನೇ ನಿಂತುಬಿಟ್ಟ. ಜಿನಪಾಲನನ್ನು ಅವನು ಬಲ್ಲ. ಫ್ಲೆಕ್ಸಿನ ಎರಡನೆಯ ಮುಖವನ್ನು ಕಾಲೇಜೆಲ್ಲ ಬಲ್ಲದು. ಏಕೆ ಬಂದಿದ್ದಾರೆಂದು ಕೇಳುವ ಅಗತ್ಯವೂ ಇರಲಿಲ್ಲ.

"ಹಂಗ್ಯಾಕ ಕಂಬ ನಿಂತಂಗ ನಿಂತೀಯೋ? ದೋಸ್ತರ ಬಂದು ಎಷ್ಟೊತ್ತಾತು. ಬಾ, ಉಣ್ಣು" ಎಂದು ತಾಯಿ ಗದರಿದಳು.

ಅವನು ಕೈಕಾಲು ತೊಳೆದು ಬಂದು ಜಿನಪಾಲನ ಬಲಕ್ಕೇ ಕೂತ. ಬಲಗೈಯಿಂದ ರೊಟ್ಟಿ ಮುರಿದ. ತಾಯಿ ಒಲೆಯ ಕಡೆ ತಿರುಗಿದಾಗ ಮೆಲ್ಲಗೆ ಹೇಳಿದ, "ಉಂಡ ಮ್ಯಾಲ ಹೊರಗ ಹೋಗೂಣು. ಅವ್ವನ ಮುಂದ ಬ್ಯಾಡ."

ಜಿನಪಾಲ ಆ ಕೈಯನ್ನೇ ನೋಡುತ್ತಿದ್ದ. ಆಮೇಲೆ, "ಆ ಫ್ಲೆಕ್ಸಿನಾಗ ಎರಡನೇ ಮುಖ ನಂದು" ಅಂದ.

"ಗೊತ್ತೈತಿ. ಅದಕ್ಕ ನಿನ್ನ ಮುಖದ ಮ್ಯಾಲ ಕಲ್ಲ ಇಟ್ಟಿಲ್ಲ ನೋಡು."

"ಕೋಳಿ ಬಿಟ್ಟೀಯಲ್ಲ."

"ಕೋಳಿ ನನ್ನ ಮಾತ ಕೇಳೂದಿಲ್ಲ."

ಜಿನಪಾಲನ ಬಾಯಿಯಿಂದ ನಗೆ ಉಕ್ಕಿತು. ತುತ್ತು ನೆತ್ತಿಗೇರಿ ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಮತ್ತೆ ನಕ್ಕ. ಶಿವಲಿಂಗವ್ವ ಓಡಿಬಂದು ಅವನ ನೆತ್ತಿ ತಟ್ಟಿದಳು. ಒಂದು ವರ್ಷದಿಂದ ನಾನು ಏನೆಲ್ಲ ಹೇಳಿದರೂ ಅವನು ಹಾಗೆ ನಕ್ಕಿರಲಿಲ್ಲ. ಕೈ ಮುರಿಸಿಕೊಳ್ಳಬೇಕಾಗಿದ್ದವನು ಎರಡು ಮಾತಿನಲ್ಲಿ ನಗಿಸಿಬಿಟ್ಟ.

ಉಂಡು ಹೊರಗೆ ಬಂದಾಗ ಸೂರ್ಯ ಆಗಷ್ಟೇ ಇಳಿದಿದ್ದ. ಬಾಳೇಶ ಭಟ್ಟಿಯ ಹಿಂದೆ ಹೋಗಿ ನಿಂತ. ಜಿನಪಾಲ ಚೀಲದಿಂದ ಸಲಾಕೆ ತೆಗೆದ. ಅದನ್ನು ಭಟ್ಟಿಯ ಗೋಡೆಗೆ ಆನಿಸಿ ಇಟ್ಟ.

"ಉಪ್ಪ ಉಂಡೀನಿ" ಅಂದ. "ಇದು ನಿಮ್ಮಪ್ಪಗ ಬೆಂಕಿ ಕೆದರಾಕ ಬರತೈತಿ. ಆ ಫೋಟೋ ಅಳಿಸಬ್ಯಾಡ. ಛಲೋ ಐತಿ."

ಮರುದಿನ ಕ್ರಾಸಿಗೆ ಹೋಗಬೇಡವೆಂದು ನಾನು ಹೇಳಿದೆ. "ಹೇಳದನ ಬಿಟ್ಟರ ಹೆದರಿ ಓಡಿಹೋದಂಗ ಆಗತೈತಿ" ಎಂದು ಹೊರಟ. ಚಹಾದಂಗಡಿಯ ಮುಂದೆ ಎಲ್ಲರೂ ಇದ್ದರು.

"ಮುರದೇನು?" ಎಂದು ನಾಗಲಿಂಗ ಕೇಳಿದ.

"ಇಲ್ಲ ಅಣ್ಣಾ. ಅವರ ಮನ್ಯಾಗ ಊಟ ಮಾಡಿ ಬಂದೆ."

ಯಾರೋ ನಕ್ಕರು. ನಾಗಲಿಂಗನ ಮುಖ ಕಪ್ಪಿಟ್ಟಿತು. "ನನ್ನ ಕೇಕ ತಿನ್ನಲಿಲ್ಲ. ಅವನ ಮನ್ಯಾಗ ಉಂಡಿ?"

ನಮ್ಮ ಮನೆಯಲ್ಲಿ ಉಣ್ಣದವನು ಅಲ್ಲಿ ಹೇಗೆ ಉಂಡ ಎಂದು ಹಿಂದಿನ ಸಂಜೆಯಿಂದ ನಾನೂ ಅಂಥದೇ ಪ್ರಶ್ನೆ ಹೊತ್ತುಕೊಂಡಿದ್ದೆ. ನಾಗಲಿಂಗನ ಬಾಯಲ್ಲಿ ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ಆದರೂ ಉತ್ತರ ಕೇಳುವ ತವಕ ಅವನಿಗಿಂತ ನನಗೇ ಹೆಚ್ಚಿತ್ತು.

"ಅವರು ಹೊತ್ತ ನೋಡಿ ನೀಡಿದ್ರು" ಅಂದ ಜಿನಪಾಲ. "ನೀ ಎರಡ ವರ್ಷದಾಗ ಒಮ್ಮೆರ ಹೊತ್ತ ನೋಡೀಯೇನ ಅಣ್ಣಾ? ನಾ ನಿನ್ನ ಸಲುವಾಗಿ ಒಬ್ಬನ ಕೈ ಮುರೀಬೇಕು. ನನ್ನ ಸಲುವಾಗಿ ನೀ ಒಂದ ತಾಸ ಮೊದಲ ಕೇಕ ಕೊಯ್ಯಲಿಲ್ಲ. ರಾಮಲಿಂಗ ಒಳಗಿದ್ದಾಗ ಹೋಗಿ ಒಂದ ಸಲ ಮಾರಿ ತೋರಸಲಿಲ್ಲ. ನಾವು ನಿನ್ನಾವ್ರು, ಖರೇ. ನೀ ಯಾರಾಂವ?"

ನಮ್ಮ ಅಮ್ಮಿ ಎಂದಾದರೂ ಸೂರ್ಯನನ್ನು ನೋಡಿದ್ದಳೇ ಎಂದು ನಾನು ನೆನಪು ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನಾಗಲಿಂಗ ರಾಮಲಿಂಗನಿಗೆ ಕಣ್ಸನ್ನೆ ಮಾಡಿದ. ಇಬ್ಬರು ನನ್ನನ್ನು ಗೋಡೆಗೆ ಒತ್ತಿ ಹಿಡಿದರು. ರಾಮಲಿಂಗ ಜಿನಪಾಲನ ಬಲಗೈಯನ್ನು ಬೆಂಚಿನ ಅಂಚಿಗೆ ಇಟ್ಟು ಹೊಡೆದ. ಹೊಡೆಯುವಾಗ ಅವನ ಮುಖ ನೋಡಲಿಲ್ಲ. ಎರಡನೆಯ ಜಾಗ ಅವನಿಗೆ ಮರಳಿ ಸಿಕ್ಕಿತು.

ಸ್ಕೂಟರಿನಿಂದ ಬಿದ್ದನೆಂದು ಜಿನಪಾಲನೇ ಮನೆಯಲ್ಲಿ ಹೇಳಿದ. ಕಾಂತಾಕಾಕು ನಂಬದೆ ನನ್ನಿಂದ ನಿಜ ತಿಳಿದುಕೊಂಡಳು. ನಾಗಲಿಂಗನನ್ನು ಕೇಳಿದರೆ ಮಗನ ಇನ್ನೊಂದು ಕೈಯೂ ಹೋದೀತೆಂದು ಸುಮ್ಮನಾದಳು. ಮಣಿಕಟ್ಟು ಕೂಡಿತು, ತುಸು ಸೊಟ್ಟಗೆ ಕೂಡಿತು.

ಅಲ್ಲಿಂದ ಮುಂದಿನ ಅವನ ಬದುಕಿನಲ್ಲಿ ದೊಡ್ಡ ಸಂಗತಿಗಳಿಲ್ಲ. ಬಿ.ಕಾಂ. ಮಾಡಿದ, ತಂದೆಯ ಅಂಗಡಿಯಲ್ಲಿ ಕೂತ. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಗಳ ಮೇಲೆ ಮಶೀನು ಹಿಡಿದು ಹೆಸರು ಕೆತ್ತುವುದು ಅವನ ಕೆಲಸವಾಯಿತು. ಸೊಟ್ಟ ಕೈಯಿಂದಾಗಿ ಅಕ್ಷರಗಳೆಲ್ಲ ಬಲಕ್ಕೆ ವಾಲುತ್ತಿದ್ದವು, ಗಾಳಿಗೆ ಬಾಗಿದ ಜೋಳದ ಹಾಗೆ. ಮಂದಿ ಅದನ್ನೇ ಕೇಳಿ ಹಾಕಿಸಿಕೊಳ್ಳತೊಡಗಿದರು. ರಾಮತೀರ್ಥ ನಗರದಲ್ಲಿ ಯಾರ ಮನೆಯ ತಾಟು ತಿರುವಿ ನೋಡಿದರೂ ಇವತ್ತಿಗೂ ಅವನ ಕೈ ಕಾಣುತ್ತದೆ. ಬಸ್ಸಿನಲ್ಲಿ ಮತ್ತೆ ಒಂದೆರಡು ಸಲ ಏಟು ತಿಂದ. ಯಾರ ಹೆಸರನ್ನೂ ಹೇಳಲಿಲ್ಲ. ಕ್ರಾಸಿನಲ್ಲಿ ನಿಲ್ಲುವ ಹೊಸ ಹುಡುಗರು ಅಂಗಡಿಗೆ ಬಂದರೆ, "ಯಾಂವಗರ ಜ್ವರಾ ಬಂದ್ರ ನಿಮ್ಮಣ್ಣ ನೋಡಾಕ ಬರ್ತಾನೇನ್ರೋ?" ಎಂದು ಸುಮ್ಮನೆ ಕೇಳಿ ತನ್ನ ಕೆಲಸ ಮುಂದುವರಿಸುತ್ತಿದ್ದ. ಕೆಲವರು ಬೈದು ಹೋದರು. ಒಂದಿಬ್ಬರು ಮತ್ತೆ ಬಂದು ಅಂಗಡಿಯಲ್ಲಿ ಕೂತರು.

ರವಿವಾರ ಬಂದರೆ ಖಾನಾಪುರ. ಮುಂಜಾನೆಯ ರೈಲಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ ಅವನ ಬಾಯಲ್ಲಿ ಬಾಳ್ಯಾ ಹೀಗಂದ, ಬಾಳ್ಯಾನ ಅವ್ವ ಹೀಗಂದಳು ಎಂಬ ಮಾತೇ. "ನೀನೂ ಬಾರೋ" ಎಂದು ಕರೆಯುತ್ತಿದ್ದ. ನಾನು ಏನಾದರೊಂದು ನೆವ ಹೇಳುತ್ತಿದ್ದೆ. ನಾಗಲಿಂಗ ಅವನನ್ನು ಹೆದರಿಸಿ ಕಸಿದುಕೊಂಡಿದ್ದ, ಅದಕ್ಕೆ ಸಿಟ್ಟಾಗಬಹುದಿತ್ತು. ಬಾಳೇಶ ರೊಟ್ಟಿ ಕೊಟ್ಟು ಒಯ್ದಿದ್ದ. ಸಿಟ್ಟಾಗಲು ಏನೂ ಸಿಗುತ್ತಿರಲಿಲ್ಲ.

ಜಿನಪಾಲನನ್ನು ಸುಡುಗಾಡಿಗೆ ಒಯ್ಯುವ ದಿನ ಬಾಳೇಶ ಮುಂದಿನ ಬಲ ಹೆಗಲು ಕೊಟ್ಟ, ನಾನು ಎಡ ಹೆಗಲು. ಬಾಳೇಶ ಎಲ್ಲರೆದುರು ಎದೆ ಒಡೆದು ಅತ್ತ. ನನಗೆ ಅಳು ಬರಲಿಲ್ಲ.

ಕಾಂತಾಕಾಕು ಫೋಟೋ ತೆಗೆಸು ಎಂದಾಗ ನಾನೇ ಬಾಳೇಶನಿಗೆ ಫೋನ್ ಮಾಡಿದೆ. ಫ್ಲೆಕ್ಸು ಇಳಿಸುವುದು ಅವನಿಗೆ ರೂಢಿ. ಅವನು ಬಂದ. ನಾವು ಹೊರಡುವಷ್ಟರಲ್ಲಿ ಕಾಂತಾಕಾಕು ಸೆರಗು ಸರಿಮಾಡಿಕೊಂಡು, "ನಾನೂ ಬರ್ತೀನಿ. ನೀವಿಬ್ಬರ ಹೋದ್ರ ನಿಮ್ಮವೂ ಕೈ ಮುರಿತಾರ" ಅಂದಳು.

ಮಧ್ಯಾಹ್ನದ ಹೊತ್ತು, ಕ್ರಾಸಿನಲ್ಲಿ ಜನವಿತ್ತು. ನಾಗಲಿಂಗನಿಗೆ ಈಗ ಹೊಟ್ಟೆ ಬಂದಿದೆ. ಬರುವ ಚುನಾವಣೆಯಲ್ಲಿ ನಿಲ್ಲುವ ಆಸೆಯೂ ಇದೆ. ನಮ್ಮನ್ನು ಕಂಡು ಎದ್ದು ನಿಂತು ಕೈಮುಗಿದ. "ಬರ್ರಿ ಅವ್ವಾರ. ಭಾಳ ಛಲೋ ಹುಡುಗ ಇದ್ದ. ನಮ್ಮ ಹುಡುಗ."

ಕಾಂತಾಕಾಕು ಫ್ಲೆಕ್ಸನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. "ನಾಗಲಿಂಗ, ನಿಚ್ಚಣಿಕಿ ಐತೇನಪಾ?"

"ಯಾಕ್ರಿ ಅವ್ವಾರ?"

"ನನ್ನ ಮಗನ್ನ ಇಳಸಬೇಕು. ಅಂವ ನಿಮ್ಮಾಂವ ಅಲ್ಲ ಅಂತ ಹೇಳಿದ್ದಕ್ಕ ಕೈ ಮುರಸಕೊಂಡಾನ. ಆ ಮಾತ ಅಂವ ತಿರುಗಿ ತಗೊಂಡಿಲ್ಲ."

ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಹಿಡಿದುಕೊಂಡು ನೋಡುತ್ತಿದ್ದರು. ನಾಗಲಿಂಗ ಸುತ್ತ ಒಮ್ಮೆ ನೋಡಿದ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ, ವೋಟು ಹಾಕುವ ಮಂದಿಯ ಮುಂದೆ, ಮಾಡುವುದಕ್ಕೆ ಅವನಿಗೆ ಏನೂ ಉಳಿದಿರಲಿಲ್ಲ. ಒಳಗಿನಿಂದ ನಿಚ್ಚಣಿಕೆ ಬಂತು. ಅದನ್ನು ಗಟ್ಟಿಯಾಗಿ ಹಿಡಿದು ನಿಂತವನು ರಾಮಲಿಂಗ. ಬಾಳೇಶ ಹತ್ತಿ ತಂತಿ ಕತ್ತರಿಸಿದ. ನಾನು ಕೆಳಗೆ ನಿಂತು, ಮುಖ ನೆಲಕ್ಕೆ ತಾಗದಂತೆ ತೆಕ್ಕೆಗೆ ತೆಗೆದುಕೊಂಡೆ.

"ಮನಿಗೆ ಒಯ್ಯೂಣೇನ್ರಿ ಕಾಕು?" ಎಂದೆ.

"ಬ್ಯಾಡ. ಈ ಕನ್ನಡಕದ ಹುಡುಗ ನನಗ ಬ್ಯಾಡ."

ಬಾಳೇಶ ಏನೋ ಹೇಳಹೋಗಿ ತಡೆದುಕೊಂಡ.

"ಏನು? ಹೇಳು."

"ಅಂವ ಚೇಷ್ಟಿಗೆ ಒಂದ ಮಾತ ಅಂತಿದ್ದ್ರಿ ಕಾಕು... ನಾ ಸತ್ತರ ನಾಗಣ್ಣ ಫ್ಲೆಕ್ಸ ಹಾಕೂದ ಬಿಡೂದಿಲ್ಲ, ಅದನ್ನ ತಂದ ನಿಮ್ಮ ಇಟ್ಟಂಗಿ ಮ್ಯಾಲ ಹಾಕು, ಪಗಾರ ಇಲ್ಲದ ಕಾಯ್ತೀನಿ ಅಂತ."

ಈ ಮಾತನ್ನು ಜಿನಪಾಲ ನನಗೆಂದೂ ಹೇಳಿರಲಿಲ್ಲ. ಕಾಂತಾಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಹಂಗಾರ ಒಯ್ರಿ" ಅಂದಳು. "ಮೋಡ ಆಗೇತಿ. ಲಗೂನ ಹೋಗ್ರಿ."

ಅವಳನ್ನು ಮನೆಗೆ ಬಿಟ್ಟು, ಬಾಳೇಶನ ಬೈಕಿನ ಹಿಂದೆ ಫ್ಲೆಕ್ಸಿನ ಸುರುಳಿ ತೊಡೆಯ ಮೇಲಿಟ್ಟುಕೊಂಡು ಖಾನಾಪುರಕ್ಕೆ ಹೋದೆ. ಐದು ವರ್ಷದ ಮೇಲೆ ಮೊದಲ ಸಲ. ಅಕಾಲದ ಮಳೆ ಬರುವ ಲಕ್ಷಣವಿತ್ತು. ಸಿದ್ದಪ್ಪಕಾಕಾ ಆಗಲೇ ಸಾಲುಗಳನ್ನು ಮುಚ್ಚುತ್ತಿದ್ದ. ಭಟ್ಟಿಯ ಬಾಯಿಗೆ ಆನಿಸಿಟ್ಟಿದ್ದ ಸಲಾಕೆಯ ಗುರುತು ನನಗೆ ಹತ್ತಿತು. ಬೆಂಕಿ ಕೆದರಿ ಕೆದರಿ ಅದರ ತುದಿ ಸವೆದಿತ್ತು.

ನಾವಿಬ್ಬರೂ ಫ್ಲೆಕ್ಸು ಬಿಚ್ಚಿ ಒಂದು ಸಾಲಿನ ಮೇಲೆ ಎಳೆದೆವು. ಬಾಳೇಶ ಕಲ್ಲುಗಳನ್ನು ತಂದ. ಮೊದಲನೆಯದನ್ನು ಎಲ್ಲಿಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ನಾಗಲಿಂಗನ ಹಣೆ ನಟ್ಟನಡುವೆಯೇ ಇತ್ತು. ಉಳಿದವನ್ನು ಅಂಚಿಗೆ ಹೇರಿದೆವು. ಜಿನಪಾಲನ ಮುಖದ ಸುತ್ತ ಫ್ಲೆಕ್ಸು ಗಾಳಿಗೆ ತುಸು ಉಬ್ಬಿ ಇಳಿಯುತ್ತಿತ್ತು. ಅಲ್ಲಿ ಯಾವ ಕಲ್ಲನ್ನೂ ಇಡಲಿಲ್ಲ.

"ಅಂವ ನಿನಗ ಎಲ್ಲಾ ಹೇಳತಿದ್ದ" ಅಂದೆ. ಹೇಳಬಾರದೆಂದುಕೊಂಡಿದ್ದೆ, ಬಾಯಿಂದ ಬಿತ್ತು.

ಬಾಳೇಶ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. "ನನಗ? ನಿಮ್ಮವ್ವನ ಬಾಳಿಹಣ್ಣಿನ ಸುದ್ದಿ ಕೇಳಿ ಕೇಳಿ ನನ್ನ ಹೊಟ್ಟಿ ಸುಟ್ಟ ಹೋಗೇತಿ ಮಾರಾಯಾ. ನಮ್ಮವ್ವ ಒಂದ ತುತ್ತ ಜಾಸ್ತಿ ನೀಡಿದ್ರ, ಒಲ್ಲೆ, ನಿನ್ನೆ ಚಾಚಿ ಮನ್ಯಾಗ ಬಾಳಿಹಣ್ಣ ತಿಂದೀನಿ, ಇನ್ನೂ ಹೊಟ್ಟಿ ತುಂಬೇತಿ ಅಂತಿದ್ದ. ಶಾದಾಬ ಹಿಂಗ ಓದ್ತಾನ, ಶಾದಾಬ ಹಂಗ ಬರೀತಾನ. ನಾಲ್ಕನೇ ಇಯತ್ತೆಯಿಂದ ಅಂವ ನನ್ನ ಕೂಡ ಅದಾನ ಅಂತಿದ್ದ. ನಾ ಎಲ್ಲಿಂದ ತರಲಿ ನಾಲ್ಕನೇ ಇಯತ್ತೆ?"

ಒಯ್ಯುವ ದಿನ ಬಾರದ ಅಳು ಅಲ್ಲಿ, ಇಟ್ಟಂಗಿ ಸಾಲಿನ ನಡುವೆ ಬಂತು. ಬಾಳೇಶ ಬೇರೆ ಕಡೆ ನೋಡುತ್ತ ನಿಂತ.

ಮನೆಯ ಬಾಗಿಲಲ್ಲಿ ಶಿವಲಿಂಗವ್ವ ಕಾಣಿಸಿಕೊಂಡಳು. ಪಡುವಣ ಕಡೆ ಕತ್ತು ಚಾಚಿ, ಮೋಡದ ಸಂದಿಯಲ್ಲಿ ಸೂರ್ಯನನ್ನು ಹುಡುಕಿ, ಕೂಗಿದಳು. "ಏ ಹುಡುಗೋರ್ಯಾ, ಹೊತ್ತ ಮುಳಗಾಕ ಬಂತು, ಉಣ್ಣಾಕ ಬರ್ರಿ!"

"ನನಗ ಹೊತ್ತಿನ ಕಟ್ಟ ಇಲ್ಲರೀ ಅವ್ವಾರ" ಎಂದೆ.

"ನಿನಗಿಲ್ಲ, ಗೊತ್ತೈತಿ" ಅಂದಳು. "ನನಗ ರೂಢಿ ಆಗೇತಿ. ಬರ್ರಿ ಲಗೂನ."

ನಾವಿಬ್ಬರೂ ಕೈ ತೊಳೆಯಲು ಓಡಿದೆವು.